ಮಂಗಗಳ ಗುಹೆಯಲ್ಲಿ ಬೆಕ್ಕುಗಳ ಸಂಸಾರ

ತೈವಾನಿನ ರಾಜಧಾನಿ ತೈಪೆಯಲ್ಲಿ ಎಲ್ಲ ಊರಿಗೂ ನಿಲ್ಲುವ ಲೋಕಲ್ ರೈಲು ಹತ್ತಿ ಪೂರ್ವಕ್ಕೆ ಹೊರಟರೆ, ಒಂದು ಗಂಟೆಯ ಆಸುಪಾಸಿನಲ್ಲಿ ರುಯಿಫಾಂಗ್ ಎಂಬ ಪೇಟೆ ಬರುತ್ತದೆ. ಪ್ರವಾಸಿಗರಲ್ಲಿ ಬಹಳ ಮಂದಿ ಅಲ್ಲೇ ಇಳಿದು ಬಿಡುತ್ತಾರೆ. ಇಳಿಯದೆ ಕುಳಿತವರಿಗೆ ಮುಂದಿನ ನಿಲ್ದಾಣ ಹೌತೊಂಗ್. ಒಂದು ಕಡೆ ಕೀಲುಂಗ್ ನದಿ, ಇನ್ನೊಂದು ಕಡೆ ಹಸಿರು ಗುಡ್ಡ, ನಡುವೆ ರೈಲು ಹಳಿ. ಇಷ್ಟೇ ಊರು. ಆದರೆ ನಿಲ್ದಾಣದಲ್ಲಿ ಕಾಲಿಟ್ಟ ಕೂಡಲೇ ಎಲ್ಲಿ ನೋಡಿದರೂ ಬೆಕ್ಕಿನ ಚಿತ್ರ, ಬೆಕ್ಕಿನ ಬೊಂಬೆ. ಟಿಕೆಟ್ ಗೇಟಿನ ಪಕ್ಕದ ಬೆಂಚಿನ ಮೇಲೆ ನಿಜವಾದ ಬೆಕ್ಕೇ ಒಂದು ಸುತ್ತಿಕೊಂಡು ಮಲಗಿತ್ತು. ಅದನ್ನು ಏಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರಯಾಣಿಕರೇ ನಿಂತುಕೊಂಡಿದ್ದರು!

ನನ್ನ ಮಗಳು ಮತ್ತು ಅಳಿಯ ಹ್ಸಿಂಚು ನಗರದಲ್ಲಿದ್ದಾರೆ. ಕಂಪ್ಯೂಟರ್ ಚಿಪ್ ತಯಾರಿಸುವ ಆ ನಗರಕ್ಕೆ ನಮ್ಮ ಕಡೆಯ ಎಂಜಿನಿಯರುಗಳೂ ಹೋಗಿ ಸೇರಿದ್ದಾರೆ. ಚಳಿಗಾಲದ ರಜೆಯಲ್ಲಿ ಹತ್ತು ವರ್ಷದ ಮೊಮ್ಮಗನೇ ನನ್ನನ್ನು ಈ ಊರಿಗೆ ಕರೆದುಕೊಂಡು ಬಂದವನು. ಅವನ ಕುತ್ತಿಗೆಯಲ್ಲಿ ಅಪ್ಪನ ಹಳೆಯ ಕ್ಯಾಮೆರಾ, ನನ್ನ ಕೈಯಲ್ಲಿ ಕೊಡೆ. ಕೊಡೆ ಇಲ್ಲದೆ ಇಲ್ಲಿ ನಡೆಯುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಮಳೆ ಆಷಾಢದಲ್ಲಿ ಸುರಿದರೆ, ತೈವಾನಿನ ಈ ಈಶಾನ್ಯ ಮೂಲೆಯಲ್ಲಿ ಅದು ಡಿಸೆಂಬರ್, ಜನವರಿಯ ಚಳಿಯಲ್ಲೇ ಜಿಟಿಜಿಟಿ ಹಿಡಿಯುತ್ತದೆ.

ನೀರು ಹೋಗಿ ಕಲ್ಲು ಬಂತು

ಹೌತೊಂಗ್ ಎಂದರೆ ‘ಮಂಗಗಳ ಗುಹೆ’. ಹಿಂದೆ ಇಲ್ಲಿನ ಗುಡ್ಡದ ಗುಹೆಯೊಂದರಲ್ಲಿ ಮಂಗಗಳ ಹಿಂಡು ಇತ್ತಂತೆ. ಆ ಹೆಸರನ್ನು ಬರೆಯುವ ರೀತಿಯಲ್ಲೊಂದು ಸೊಗಸಾದ ಕತೆ ಇದೆ. ಚೀನೀ ಲಿಪಿಯಲ್ಲಿ ಗುಹೆ ಎಂಬ ಅಕ್ಷರದ ಎಡಬದಿಯಲ್ಲಿ ನೀರನ್ನು ಸೂಚಿಸುವ ಮೂರು ಪುಟ್ಟ ಗೆರೆಗಳಿರುತ್ತವೆ. ಈ ಊರಿನಲ್ಲಿ ಕಲ್ಲಿದ್ದಲು ಗಣಿಗಳು ಶುರುವಾದ ಮೇಲೆ ಜನರಿಗೆ ಆ ಗೆರೆಗಳು ಕಣ್ಣು ಚುಚ್ಚತೊಡಗಿದವು. ಗಣಿಯೊಳಗೆ ನೀರು ನುಗ್ಗಿದರೆ ಒಳಗಿದ್ದವರ ಗತಿ ಏನು? ಹಾಗಾಗಿ ನೀರಿನ ಗುರುತನ್ನು ತೆಗೆದು, ಅದೇ ಜಾಗದಲ್ಲಿ ಕಲ್ಲಿನ ಗುರುತನ್ನು ಇಟ್ಟು ಊರಿನ ಹೆಸರು ಬರೆಯತೊಡಗಿದರು. ಉಚ್ಚಾರ ಅದೇ, ಅಪಶಕುನ ಮಾತ್ರ ದೂರ! ಬೋರ್ಡಿನ ಅಕ್ಷರವನ್ನು ಮೊಮ್ಮಗ ಬೆರಳಿಟ್ಟು ತೋರಿಸುತ್ತಾ ಇದನ್ನು ನನಗೆ ಹೇಳಿಕೊಟ್ಟ. ಅವನು ಅಲ್ಲಿನ ಶಾಲೆಯಲ್ಲಿ ಚೀನೀ ಕಲಿಯುತ್ತಿದ್ದಾನೆ.

ನಿಲ್ದಾಣದ ಎದುರಿಗೇ, ನದಿಯ ದಡದಲ್ಲಿ, ಹಳೆಯ ದೈತ್ಯ ಕಟ್ಟಡವೊಂದು ನಿಂತಿದೆ. ಗಣಿಯಿಂದ ಬಂದ ಕಲ್ಲಿದ್ದಲಿನಿಂದ ಕಲ್ಲು ಮಣ್ಣು ಬೇರ್ಪಡಿಸುತ್ತಿದ್ದ ಕಾರ್ಖಾನೆ ಅದು. ಪಕ್ಕದಲ್ಲಿ ನದಿ ದಾಟುವ ಕಮಾನು ಸೇತುವೆ. ಕಲ್ಲಿದ್ದಲು ತುಂಬಿದ ಪುಟ್ಟ ಗಾಡಿಗಳು ಅದರ ಮೇಲೆ ಓಡಾಡುತ್ತಿದ್ದವು. ತೈವಾನಿನ ಬಹು ದೊಡ್ಡ ಕಲ್ಲಿದ್ದಲು ಗಣಿಗಳಲ್ಲಿ ಒಂದು ಇಲ್ಲಿತ್ತು. ಏಳಿಗೆಯ ಕಾಲದಲ್ಲಿ ಸುಮಾರು ಆರು ಸಾವಿರ ಜನ ಇಲ್ಲಿ ವಾಸವಾಗಿದ್ದರು. 1990ರಲ್ಲಿ ಗಣಿ ಮುಚ್ಚಿತು. ಕೆಲಸ ಹೋಯಿತು, ಕೆಲಸದ ಬೆನ್ನು ಹಿಡಿದು ಯುವಕರೂ ಹೋದರು. ಕೆಲವೇ ನೂರು ಜನ ಉಳಿದರು, ಅವರಲ್ಲೂ ಹೆಚ್ಚಿನವರು ವಯಸ್ಸಾದವರು. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಕೆ.ಜಿ.ಎಫ್. ಊರಿಗೆ ಏನಾಯಿತೆಂದು ಬಲ್ಲವರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಜನ ಹೋದರು. ಆದರೆ ಬೆಕ್ಕುಗಳು ಹೋಗಲಿಲ್ಲ. ಗಣಿಯ ಸುರಂಗಕ್ಕೆ ಆನಿಕೆಯಾಗಿ ಮರದ ದಿಮ್ಮಿಗಳನ್ನು ನಿಲ್ಲಿಸುತ್ತಿದ್ದ ಕಾಲದಲ್ಲಿ, ಅದನ್ನು ಕಡಿಯುವ ಇಲಿಗಳನ್ನು ಹಿಡಿಯಲೆಂದೇ ಬೆಕ್ಕು ಸಾಕುತ್ತಿದ್ದರು ಎಂದು ಹೇಳುತ್ತಾರೆ. ನಮ್ಮ ಹಳ್ಳಿಮನೆಗಳಲ್ಲಿ ಭತ್ತದ ಕಣಜಕ್ಕೆ ಬೆಕ್ಕೇ ಕಾವಲು ಇದ್ದಂತೆ. ಮನೆ ಖಾಲಿ ಮಾಡಿದವರು ಮಂಚ, ಪಾತ್ರೆ ಹೊತ್ತುಕೊಂಡು ಹೋಗಬಹುದು, ಬೆಕ್ಕನ್ನು ಒಯ್ಯುವುದು ಸುಲಭವಲ್ಲ. ನಾಯಿ ಯಜಮಾನನನ್ನು ನಂಬಿದರೆ ಬೆಕ್ಕು ಮನೆಯನ್ನು ನಂಬುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಫೋಟೋಗಳು ತಂದ ಜನ

2008ರ ಸುಮಾರಿಗೆ, ಬೆಕ್ಕುಗಳ ಫೋಟೋ ತೆಗೆಯುವ ಹವ್ಯಾಸದ ಮಹಿಳೆಯೊಬ್ಬರು ಈ ಊರಿಗೆ ಬಂದರು. ಪಾಳು ಗೋಡೆ, ಪಾಚಿಗಟ್ಟಿದ ಮೆಟ್ಟಿಲು, ಅದರ ಮೇಲೆ ಗಂಭೀರವಾಗಿ ಕುಳಿತ ಬೆಕ್ಕುಗಳು. ಫೋಟೋ ಚೆನ್ನಾಗಿ ಬಂದವು, ಆದರೆ ಬೆಕ್ಕುಗಳ ಸ್ಥಿತಿ ಚೆನ್ನಾಗಿರಲಿಲ್ಲ. ಅವರು ಫೋಟೋಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದರು. ಅದರ ಜತೆಗೆ ಬೆಕ್ಕುಗಳ ಆರೈಕೆ ಮಾಡಲು ಸ್ವಯಂಸೇವಕರನ್ನೂ ಸೇರಿಸಿದರು. ಫೋಟೋ ನೋಡಿದವರು ಬಂದರು, ಬಂದವರು ಇನ್ನಷ್ಟು ಫೋಟೋ ತೆಗೆದರು, ಅದನ್ನು ನೋಡಿ ಮತ್ತಷ್ಟು ಜನ ಬಂದರು. ಮುಚ್ಚಿದ್ದ ಮನೆಗಳ ಬಾಗಿಲು ತೆರೆದು ಚಹಾದ ಅಂಗಡಿಗಳಾದವು. ಈಗ ಬೆಕ್ಕಿನ ಪೋಸ್ಟ್‌ಕಾರ್ಡು, ಬೆಕ್ಕಿನ ಕೀಚೈನು, ಬೆಕ್ಕಿನ ಆಕಾರದ ಅನಾನಸ್ ಕೇಕು ಎಲ್ಲವೂ ಇಲ್ಲಿ ಸಿಗುತ್ತದೆ. ಮೊಮ್ಮಗ ಒಂದು ಕೇಕು ಕೊಂಡು, ಮುಖವನ್ನು ಕಚ್ಚಲು ಮನಸ್ಸು ಬಾರದೆ, ಹಿಂದಿನಿಂದ ತಿನ್ನತೊಡಗಿದ. ಕೊನೆಗೆ ಕಿವಿ ಎರಡು ಉಳಿದಾಗ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ!

ಬೆಕ್ಕುಗಳ ಕೇರಿ ಇರುವುದು ಹಳಿಯ ಆಚೆಗಿನ ಗುಡ್ಡದ ಮೇಲೆ. ಅಲ್ಲಿಗೆ ಹೋಗಲು 2013ರಲ್ಲಿ ಮೇಲ್ಸೇತುವೆಯೊಂದನ್ನು ಕಟ್ಟಿದ್ದಾರೆ. ಹೆಸರೇ ‘ಬೆಕ್ಕಿನ ಸೇತುವೆ’. ಇದರಲ್ಲಿ ಮನುಷ್ಯರು ನಡೆಯುವ ದಾರಿ ಬೇರೆ, ಬೆಕ್ಕುಗಳು ನಡೆಯುವ ದಾರಿ ಬೇರೆ. ಹಳಿ ದಾಟುವಾಗ ರೈಲಿಗೆ ಸಿಕ್ಕಿಕೊಳ್ಳದಿರಲಿ ಎಂಬ ಕಾಳಜಿ. ಮೇಲೆ ಮಾಡು ಇರುವುದರಿಂದ ಮಳೆಗಾಲದಲ್ಲಿ ಅದೇ ಅವುಗಳ ಜಗಲಿ. ನಾವು ಹೋದಾಗ ಒಂದು ಕರಿಬೆಕ್ಕು ತನ್ನ ದಾರಿಯಲ್ಲಿ ಎದುರಿನಿಂದ ಬಂದು, ನಮ್ಮನ್ನು ನೋಡಿಯೂ ನೋಡದಂತೆ ಆಚೆ ಹೋಯಿತು. ಬೆಕ್ಕು ಅಡ್ಡ ಬಂದರೆ ಒಂದು ಗಳಿಗೆ ಕುಳಿತು ಮುಂದೆ ಹೋಗಬೇಕು ಎನ್ನುತ್ತಿದ್ದರು ನನ್ನ ಅತ್ತೆ. ಈ ಊರಿನಲ್ಲಿ ಹಾಗೆ ಲೆಕ್ಕ ಹಾಕಿದರೆ ಸಂಜೆಯ ರೈಲಲ್ಲ, ನಾಡಿದ್ದಿನ ರೈಲೂ ತಪ್ಪುತ್ತದೆ.

ಗೆಳೆತನಕ್ಕೆ ಅವಸರ ಇಲ್ಲ

ಸೇತುವೆ ಇಳಿದರೆ ಕಿರಿದಾದ ಮೆಟ್ಟಿಲುಗಳ ದಾರಿ. ಪ್ರತಿ ಮನೆಯ ಸೂರಿನ ಕೆಳಗೂ ಒಂದೊಂದು ಮರದ ಪೆಟ್ಟಿಗೆ, ಒಳಗೆ ಹಳೆಯ ಟವೆಲ್ಲು. ಮೊಮ್ಮಗ ಮೊದಲ ಬೆಕ್ಕು ಕಂಡೊಡನೆ ಕ್ಯಾಮೆರಾ ಎತ್ತಿ ಓಡಿದ. ಬೆಕ್ಕು ಮಾಯ. ಎರಡನೆಯದೂ ಮಾಯ. ಮೂರನೆಯದು ಗೋಡೆಯ ಮೇಲೆ ಹತ್ತಿ ಬೆನ್ನು ತೋರಿಸಿ ಕುಳಿತಿತು. “ಅಜ್ಜಿ, ಇವಕ್ಕೆ ನಾನು ಇಷ್ಟ ಇಲ್ಲ” ಎಂದು ಮುಖ ಊದಿಸಿಕೊಂಡ.

ಒಂದು ಮನೆಯ ಮುಂದೆ ಮೋಟು ಸ್ಟೂಲಿನ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದ ಮುದುಕಿಯೊಬ್ಬರು ಇದನ್ನೆಲ್ಲ ನೋಡಿ ನಗುತ್ತಿದ್ದರು. ನನಗಿಂತ ಹತ್ತು ವರ್ಷವಾದರೂ ಹಿರಿಯರು. ತೈವಾನಿನಲ್ಲಿ ಅಜ್ಜಿಗೆ ‘ಆಮಾ’ ಎನ್ನುತ್ತಾರೆ. ಮೊಮ್ಮಗ ‘ಆಮಾ’ ಎಂದು ಕರೆದು ತಲೆ ಬಾಗಿಸಿದ. ಅವರು ಅವನನ್ನು ಪಕ್ಕದ ಮೆಟ್ಟಿಲಿನ ಮೇಲೆ ಕೂರಿಸಿ, ಕೈ ಕಟ್ಟಿಕೊಂಡು ಸುಮ್ಮನಿರುವಂತೆ ಸನ್ನೆ ಮಾಡಿದರು. ನಾನೂ ಕುಳಿತೆ. ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು, ತುದಿಯನ್ನು ಮಾತ್ರ ಕೊಕ್ಕೆಯಂತೆ ಬಗ್ಗಿಸಿಕೊಂಡು, ಬಿಳಿ ಕಪ್ಪು ಕೇಸರಿ ಮೂರೂ ಬಣ್ಣದ ಬೆಕ್ಕೊಂದು ತಾನಾಗಿಯೇ ಬಂತು.

ಮಕ್ಕಳೇ, ಬಾಲ ಹೀಗೆ ನೆಟ್ಟಗಿದ್ದರೆ ‘ನಾನು ಸ್ನೇಹದಿಂದ ಬರುತ್ತಿದ್ದೇನೆ’ ಎಂದು ಅರ್ಥ. ಬಾಲದ ಕೂದಲು ನಿಮಿರಿ ಬಾಟಲಿ ತೊಳೆಯುವ ಬ್ರಷ್ಷಿನಂತಾಗಿದ್ದರೆ, ಕಿವಿಗಳು ಹಿಂದಕ್ಕೆ ಮಡಚಿದ್ದರೆ, ಹತ್ತಿರ ಹೋಗಬೇಡಿ, ಅದಕ್ಕೆ ಹೆದರಿಕೆಯಾಗಿದೆ. ಇನ್ನೊಂದು ಗುಟ್ಟು: ಮೂರು ಬಣ್ಣದ ಬೆಕ್ಕು ಹೆಚ್ಚು ಕಡಿಮೆ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣವನ್ನು ಕೊಡುವ ವಂಶವಾಹಿ ಎಕ್ಸ್ ಎಂಬ ವರ್ಣತಂತುವಿನಲ್ಲಿ ಇರುತ್ತದೆ. ಹೆಣ್ಣಿಗೆ ಅಂಥವು ಎರಡು, ಗಂಡಿಗೆ ಒಂದೇ. ಕೇಸರಿ ಮತ್ತು ಕಪ್ಪು ಒಟ್ಟಿಗೆ ಬರಲು ಎರಡು ಬೇಕು.

ಬಂದ ಬೆಕ್ಕು ಮೊಮ್ಮಗನನ್ನು ದಿಟ್ಟಿಸಿತು. ಆಮಾ ಅವನಿಗೆ ಕಣ್ಣು ಅರ್ಧ ಮುಚ್ಚಿ, ನಿಧಾನ ತೆರೆದು ತೋರಿಸಿದರು. ಅವನೂ ಹಾಗೆಯೇ ಮಾಡಿದ. ಬೆಕ್ಕೂ ಕಣ್ಣು ಕಿರಿದು ಮಾಡಿ ಮೆಲ್ಲಗೆ ತೆರೆಯಿತು! ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳು ಹೆಚ್ಚಾಗಿ ಅದೇ ರೀತಿ ಉತ್ತರಿಸುತ್ತವೆ, ಗುರುತಿಲ್ಲದವರ ಹತ್ತಿರವೂ ಬರಲು ಒಪ್ಪುತ್ತವೆ ಎಂದು ಕಂಡುಕೊಂಡರು. ಆಮಾ ಯಾವ ಪ್ರಬಂಧವನ್ನೂ ಓದಿದವರಲ್ಲ. ಎಷ್ಟೋ ವರ್ಷಗಳಿಂದ ಬೆಕ್ಕುಗಳ ಜತೆ ಕಣ್ಣಿನಲ್ಲೇ ಮಾತಾಡಿಕೊಂಡು ಬಂದವರು.

ಅವನು ಬೆರಳು ಮುಂದೆ ಚಾಚಿದ. ಬೆಕ್ಕು ಮೂಸಿ ನೋಡಿ, ಕೆನ್ನೆಯನ್ನು ಅದಕ್ಕೆ ಉಜ್ಜಿತು. ಕೆನ್ನೆಯಲ್ಲಿ ಅದಕ್ಕೆ ವಾಸನೆಯ ಗ್ರಂಥಿಗಳಿವೆ. ‘ಇವನು ನಮ್ಮವನು’ ಎಂದು ಮುದ್ರೆ ಒತ್ತುವ ರೀತಿ ಅದು. ಆಗ ಆಮಾ ಕ್ಯಾಮೆರಾದ ಕಡೆ ಕೈ ತೋರಿಸಿದರು. ಈಗ ತೆಗೆ!

ಬೆಕ್ಕಿನ ಎತ್ತರಕ್ಕೆ ಇಳಿಯಿರಿ

ಅಂದು ಮೊಮ್ಮಗ ಕಲಿತ ಪಾಠಗಳು ನಿಮ್ಮ ಬೀದಿಯ ಬೆಕ್ಕಿಗೂ ಸಲ್ಲುತ್ತವೆ.

ನಿಂತು ಮೇಲಿನಿಂದ ತೆಗೆದರೆ ಬೆಕ್ಕು ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ. ಕುಕ್ಕರಗಾಲಿನಲ್ಲಿ ಕುಳಿತೋ ನೆಲಕ್ಕೆ ಮೊಣಕೈ ಊರಿಯೋ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ತನ್ನಿ. ಆಗ ಬೆಕ್ಕಿಗೂ ನಿಮ್ಮ ಹೆದರಿಕೆ ಕಡಿಮೆ, ಏಕೆಂದರೆ ಮೇಲಿನಿಂದ ಬಾಗುವ ದೊಡ್ಡ ಆಕೃತಿ ಯಾವ ಸಣ್ಣ ಪ್ರಾಣಿಗೂ ಇಷ್ಟವಿಲ್ಲ. ಮುಖದಲ್ಲಿ ಕಣ್ಣು ಸ್ಪಷ್ಟವಾಗಿ ಬಂದರೆ ಸಾಕು, ಬಾಲ ಮಸುಕಾದರೂ ಚಿತ್ರ ಚೆನ್ನಾಗಿರುತ್ತದೆ.

ಫ್ಲಾಶ್ ಬೇಡವೇ ಬೇಡ. ಕತ್ತಲಲ್ಲಿ ಬೆಕ್ಕಿನ ಪಾಪೆ ಗುಂಡಗೆ ಅರಳಿ ಸಿಕ್ಕಷ್ಟು ಬೆಳಕನ್ನೆಲ್ಲ ಒಳಗೆ ಬಿಡುತ್ತದೆ. ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವೊಂದಿದ್ದು ಆ ಬೆಳಕನ್ನು ಮರಳಿ ಎಸೆಯುತ್ತದೆ. ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವುದು ಇದರಿಂದಲೇ. ಅಂಥ ಕಣ್ಣಿಗೆ ಫ್ಲಾಶ್ ಹೊಡೆದರೆ ಅದಕ್ಕೂ ಹಿಂಸೆ, ಚಿತ್ರದಲ್ಲೂ ಎರಡು ಹಸಿರು ದೀಪ ಮಾತ್ರ. ಬಿಸಿಲಿನಲ್ಲಿ ಪಾಪೆ ಸಣ್ಣ ಸೀಳಾಗುತ್ತದೆ. ಮೋಡ ಕವಿದ ಹೊತ್ತು, ಬೆಳಗ್ಗೆ, ಸಂಜೆ ಚಿತ್ರಕ್ಕೆ ಒಳ್ಳೆಯದು. ಆ ದಿನದ ಮಳೆ ಮೋಡ ನಮಗೆ ಉಪಕಾರವನ್ನೇ ಮಾಡಿತು.

ಇನ್ನು ತಿಂಡಿ. ಹೌತೊಂಗಿಗೆ ಬರುವವರಿಗೆ ನಮ್ಮ ಊಟವನ್ನು ಬೆಕ್ಕಿಗೆ ಹಾಕಬೇಡಿ ಎಂದು ಹೇಳುತ್ತಾರೆ. ಉಪ್ಪು, ಮಸಾಲೆ ಅದಕ್ಕೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಅದಕ್ಕೆ ವಿಷ. ಅಜ್ಜ ಅಜ್ಜಿಯರಿಗೆ ಆಶ್ಚರ್ಯವಾಗಬಹುದು, ದೊಡ್ಡ ಬೆಕ್ಕುಗಳಲ್ಲಿ ಬಹಳವಕ್ಕೆ ಹಾಲೂ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ತೆನಾಲಿ ರಾಮಕೃಷ್ಣ ಹಾಲೆಂದರೆ ಓಡುವುದನ್ನು ಕಲಿಸಿದ ಕತೆ ನಿಮಗೆ ಗೊತ್ತಲ್ಲ? ಅವನು ಬಿಸಿ ಹಾಲಿನಿಂದ ಮೂತಿ ಸುಡಿಸಿದ್ದು ಅನ್ಯಾಯ. ಆದರೆ ಬೆಕ್ಕಿಗೆ ಹಾಲೇ ಬೇಕೆಂದಿಲ್ಲ ಎಂಬುದು ಮಾತ್ರ ನಿಜ. ಒಂದು ಬಟ್ಟಲು ಶುದ್ಧ ನೀರು ಇಟ್ಟರೆ ಅದೇ ದೊಡ್ಡ ಸೇವೆ.

ಗುರುತಿಲ್ಲದ ಬೆಕ್ಕನ್ನು ಎತ್ತಿಕೊಳ್ಳಬೇಡಿ, ಮರಿಗಳಿರುವ ತಾಯಿಯ ಹತ್ತಿರ ಸುಳಿಯಬೇಡಿ. ಪರಚಿದರೆ, ಕಚ್ಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಮನೆಯಲ್ಲಿ ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ.

ಸೋಮವಾರದ ಹಸಿವು

ನಮ್ಮ ಮೂರು ಬಣ್ಣದ ಗೆಳತಿಯ ಒಂದು ಕಿವಿಯ ತುದಿ ಕತ್ತರಿಸಿದಂತಿತ್ತು. “ಪಾಪ, ಜಗಳದಲ್ಲಿ ಹರಿದಿದೆಯಾ?” ಎಂದು ಮೊಮ್ಮಗ ಕೇಳಿದ. ಅಲ್ಲವಂತೆ. ಸ್ವಯಂಸೇವಕರು ಬೆಕ್ಕನ್ನು ಹಿಡಿದು, ವೈದ್ಯರಿಂದ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ಮತ್ತೆ ಅದೇ ಜಾಗದಲ್ಲಿ ಬಿಡುತ್ತಾರೆ. ಅರಿವಳಿಕೆಯಲ್ಲಿ ಇರುವಾಗಲೇ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ. ಅದೇ ಬೆಕ್ಕನ್ನು ಇನ್ನೊಮ್ಮೆ ಹಿಡಿದು ಗೋಳು ಹೊಯ್ದುಕೊಳ್ಳಬಾರದಲ್ಲ! ಬೆಂಗಳೂರಿನ ಬೀದಿನಾಯಿಗಳ ಕಿವಿಯಲ್ಲೂ ಇಂಥದೇ ಗುರುತನ್ನು ನೀವು ನೋಡಿರಬಹುದು.

ಆಮಾ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಪುಟಕ್ಕೊಂದು ಬೆಕ್ಕಿನ ಫೋಟೋ ಅಂಟಿಸಿತ್ತು. ಪಕ್ಕದಲ್ಲಿ ಕೈಬರಹದಲ್ಲಿ ದಿನಾಂಕಗಳು: ಯಾವಾಗ ಚಿಕಿತ್ಸೆ, ಯಾವಾಗ ಲಸಿಕೆ, ಯಾವಾಗ ಹುಷಾರಿಲ್ಲ. ಬಂದು ಹೋಗುವ ಪ್ರವಾಸಿಗರು ತೆಗೆದು ಕಳಿಸಿದ ಫೋಟೋಗಳೇ ಕೆಲವು. ಒಂದೇ ಬೆಕ್ಕಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ಸೊರಗಿದೆಯೇ, ಕಣ್ಣು ಪಿಸುರು ಕಟ್ಟಿದೆಯೇ ಎಂದು ಗೊತ್ತಾಗುತ್ತದೆಯಂತೆ. ಅಂದವಾಗಿರಲಿ ಎಂದು ತೆಗೆದ ಚಿತ್ರ ಅಲ್ಲಿ ಔಷಧಿಯ ಚೀಟಿಯಂತೆ ಉಪಯೋಗಕ್ಕೆ ಬರುತ್ತಿತ್ತು.

ಕೆಲವು ಪುಟಗಳಲ್ಲಿ ದಿನಾಂಕ ಒಂದೇ ಒಂದು. ಅವು ಯಾರೋ ತಂದು ಬಿಟ್ಟುಹೋದ ಬೆಕ್ಕುಗಳು. ಊರಿನ ಹೆಸರು ಹರಡಿದ ಮೇಲೆ ಇದೊಂದು ಕಷ್ಟ ಶುರುವಾಯಿತು. ‘ಹೌತೊಂಗಿನಲ್ಲಿ ಬಿಟ್ಟರೆ ಯಾರಾದರೂ ನೋಡಿಕೊಳ್ಳುತ್ತಾರೆ’ ಎಂದುಕೊಂಡು ಸಾಕಿದ ಬೆಕ್ಕನ್ನೇ ರಟ್ಟಿನ ಡಬ್ಬಿಯಲ್ಲಿ ತಂದಿಟ್ಟು ಹೋಗುತ್ತಾರೆ. ಆದರೆ ಮನೆಯೊಳಗೆ ಬೆಳೆದ ಬೆಕ್ಕಿಗೆ ಗುಡ್ಡದ ಮಳೆ ಗೊತ್ತಿಲ್ಲ, ಇಲ್ಲಿನ ಬೆಕ್ಕುಗಳ ಎಲ್ಲೆಕಟ್ಟು ಗೊತ್ತಿಲ್ಲ. ಹೊಡೆದಾಟ, ಗಾಯ, ಮೂಲೆಯಲ್ಲಿ ಉಪವಾಸ. ಅದು ರೋಗ ತಂದಿದ್ದರೆ ಊರಿನ ಬೆಕ್ಕುಗಳಿಗೂ ಅಂಟುತ್ತದೆ.

ಆಮಾ ಒಂದು ಮಾತು ಹೇಳಿದರು. ಮೊಮ್ಮಗ ಅದನ್ನು ಕನ್ನಡಕ್ಕೆ ತರಲು ಸ್ವಲ್ಪ ಹೊತ್ತು ತಡವರಿಸಿದ. “ಫೋಟೋ ತೆಗೆಯೋರು ಭಾನುವಾರ ಬರ್ತಾರಂತೆ ಅಜ್ಜಿ. ಬೆಕ್ಕಿಗೆ ಸೋಮವಾರಾನೂ ಹಸಿವಾಗತ್ತಂತೆ.”

ಈ ಮಾತು ಸಮುದ್ರದ ಆಚೆಗಿನ ಒಂದು ಹಳ್ಳಿಗೆ ಮಾತ್ರ ಸೇರಿದ್ದಲ್ಲ. ಬೆಕ್ಕು ಮರಿ ಹಾಕಿತೆಂದರೆ ಗೋಣಿಚೀಲದಲ್ಲಿ ಕಟ್ಟಿ ಹೊಳೆಯ ಆಚೆಗೋ ಮೀನು ಮಾರುಕಟ್ಟೆಯ ಹಿಂದೆಯೋ ಬಿಟ್ಟು ಬರುವ ಪದ್ಧತಿ ನಮ್ಮಲ್ಲೂ ಇದೆ. ‘ಅಲ್ಲಿ ಮೀನಿನ ತಲೆಯಾದರೂ ಸಿಗುತ್ತದೆ ಬಿಡು’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಹಾಲು ಬಿಡದ ಮರಿಗೆ ಮೀನಿನ ತಲೆ ಏನು ಉಪಯೋಗ? ತಾಯಿಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತೇವೆ. ಅದು ತಿರುಗಿಸುವುದು ಸುರಕ್ಷಿತ ಜಾಗಕ್ಕೆ, ಬಾಯಲ್ಲಿ ಕಚ್ಚಿ ಹಿಡಿದು, ಒಂದನ್ನೂ ಬಿಡದೆ. ಮರಿಗಳನ್ನು ಚೀಲದಲ್ಲಿ ಕಟ್ಟುವ ಬದಲು, ತಾಯಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದರೆ ಆ ಪಾಡು ಒಂದೇ ಸಲಕ್ಕೆ ಮುಗಿಯುತ್ತದೆ.

ಹೌತೊಂಗಿಗೆ ಹೋಗಬಲ್ಲವರು ಹೋಗಿ ಬನ್ನಿ. ತೈಪೆಯಿಂದ ಒಂದು ದಿನದ ಪ್ರವಾಸ, ಊರೊಳಗೆ ಎಲ್ಲವೂ ಕಾಲ್ನಡಿಗೆ. ಮೆಟ್ಟಿಲು ಹೆಚ್ಚು, ಮಳೆಗೆ ಜಾರುತ್ತದೆ, ಮೊಣಕಾಲು ನೋವಿನವರಿಗೆ ಊರುಗೋಲು ಇರಲಿ. ಶನಿವಾರ ಭಾನುವಾರ ಜನಜಂಗುಳಿ, ನಡುವಾರ ಮೇಲು. ಸಾಕಿದ ನಾಯಿಯನ್ನು ಜತೆಗೆ ಒಯ್ಯಬೇಡಿ.

ಹೋಗಲಾಗದವರಿಗೂ ಒಂದು ಕೆಲಸವಿದೆ. ನಿಮ್ಮ ಬೀದಿಯಲ್ಲಿ, ಶಾಲೆಯ ಹಿಂದೆ, ದೇವಸ್ಥಾನದ ಕಟ್ಟೆಯ ಮೇಲೆ ಒಂದಾದರೂ ಬೆಕ್ಕು ಇರುತ್ತದೆ. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ ಕುಳಿತು, ಅಜ್ಜನದೋ ಅಮ್ಮನದೋ ಫೋನಿನಲ್ಲಿ ಅದರ ಒಂದು ಚಿತ್ರ ತೆಗೆಯಿರಿ. ದಿನಾಂಕ ಬರೆದಿಡಿ. ಮೊದಲ ವಾರ ಬಾಲ ಮಾತ್ರ ಸಿಗಬಹುದು. ನಾಲ್ಕನೆಯ ವಾರ ಮುಖ ಸಿಗುತ್ತದೆ. ಆ ಹೊತ್ತಿಗೆ ಅದು ಎಲ್ಲಿ ಮಲಗುತ್ತದೆ, ಯಾರ ಮನೆಯ ಮುಂದೆ ಊಟಕ್ಕೆ ಕಾಯುತ್ತದೆ, ಯಾವ ಕಾಲು ಕುಂಟುತ್ತಿದೆ ಎಂದು ನಿಮಗೆ ಗೊತ್ತಾಗಿರುತ್ತದೆ. ಬಟ್ಟಲಿಗೆ ನೀರು ತುಂಬಿಸುವ ನೆನಪು ಆಮೇಲೆ ಸೋಮವಾರವೂ ಬರುತ್ತದೆ.